ವಿ8 ಮಾರಿ ಕಿಟ್ ಕಾರು ಕಟ್ಟಿದ ಮೇಲೆ ತುಮಕೂರಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹೋದಲ್ಲೆಲ್ಲ ಇದೇ ವಿಚಾರಣೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುರಿಯುವಾಗ, ಮದುವೆ ಪಂಕ್ತಿಯಲ್ಲಿ ಕೂತಾಗ, ಶಿರಾ ಗೇಟ್ ಹತ್ತಿರ ಪಂಕ್ಚರ್ ಹಾಕಿಸುವಾಗ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಅಷ್ಟು ಚೆನ್ನಾಗಿದ್ದ ಕಾರನ್ನು ಯಾಕಪ್ಪಾ ಮಾರಿದೆ?

ಕಾರಿನಲ್ಲಿ ತಪ್ಪು ಇರಲಿಲ್ಲ. ವಿ8 ಅಂದರೆ ಎಂಟು ಸಿಲಿಂಡರಿನ ಇಂಜಿನ್, ಕುದುರೆ ಶಕ್ತಿ ಲೆಕ್ಕದಲ್ಲಿ ಸುಮಾರು 400 ಬಿಎಚ್‌ಪಿ, ತೂಕ 1,750 ಕಿಲೋ. ಕಂಪನಿ ಹೆಸರು ಬೇಡ. ಹೇಳಿದರೆ ಅದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ.

ತೊಂದರೆ ಇದ್ದದ್ದು ಲೆಕ್ಕದಲ್ಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ದೇವರಾಯನದುರ್ಗಕ್ಕೆ ಹೋಗುತ್ತಿದ್ದೆ. ಊರಿಂದ ಹದಿನೈದು ಕಿಲೋಮೀಟರ್ ಚಿಲ್ಲರೆ. ನಾಮದ ಚಿಲುಮೆ ದಾಟಿ ಬೆಟ್ಟದ ರಸ್ತೆ ಶುರುವಾದರೆ ಒಂದು ಕಡೆ ಕಾಡು, ಇನ್ನೊಂದು ಕಡೆ ಕೋತಿ, ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್. ನನ್ನ ಕಾರೇ ಅರ್ಧಕ್ಕಿಂತ ಜಾಸ್ತಿ ರಸ್ತೆ ತಿನ್ನುತ್ತಿತ್ತು. ಎರಡನೇ ಗೇರಿನಲ್ಲೇ ನೂರು ದಾಟುವ ಕಾರು ಅದು. ಆ ರಸ್ತೆಯಲ್ಲಿ ನಲವತ್ತು ಮೀರಿದರೆ ನನಗೇ ಭಯ. ಹೆದ್ದಾರಿಯಲ್ಲಾದರೂ ಓಡಿಸೋಣ ಅಂದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಸಾಲು, ಅದು ಬಿಟ್ಟರೆ ಟೋಲ್. ಮೂರು ವರ್ಷದಲ್ಲಿ ಆಕ್ಸಲರೇಟರನ್ನು ಪೂರ್ತಿ ಒತ್ತಿದ್ದು ಎಷ್ಟು ಸಲ ಅಂತ ಬೆರಳು ಮಡಿಸಿ ಎಣಿಸಬಹುದು. ಒಂದೊಂದು ಸಲವೂ ಐದು ಸೆಕೆಂಡು, ಅಷ್ಟೇ. ಆಮೇಲೆ ಬ್ರೇಕು.

ಬೆಟ್ಟ ಹತ್ತಿ ಬಂದು ನಿಲ್ಲಿಸಿದಾಗ ನೋಡಿದವರಿಗೆ ಖುಷಿ, ಓಡಿಸಿದ ನನಗೆ ಸುಸ್ತು. ಅದು ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಕಿಟ್ ಕಾರು ಅಂದರೆ ಏನು? ಬ್ಯಾಟರಿ ಕಾರಾ?

ಅಲ್ಲ. ಬಿಡಿ ಬಿಡಿಯಾಗಿ ಬರುವ ಕಾರು. ಚಾಸಿ (ಕಾರಿನ ಚೌಕಟ್ಟು), ಬಾಡಿ ಒಂದು ಕಡೆಯಿಂದ. ಇಂಜಿನ್, ಗೇರ್‌ಬಾಕ್ಸ್, ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್) ಹಳೇ ಕಾರಿನಿಂದ. ಜೋಡಿಸುವವರು ನೀವೇ.

ಇದರ ಬೇರು ಇರುವುದು ಇಂಗ್ಲೆಂಡಿನಲ್ಲಿ. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಸೆವೆನ್ ಅನ್ನುವ ಪುಟ್ಟ ಕಾರು ತಂದರು. ಬಾಗಿಲಿಲ್ಲ, ಚಾವಣಿ ಹೆಸರಿಗೆ ಮಾತ್ರ, ಮುಂದಿನ ಚಕ್ರ ಬಾಡಿಯ ಹೊರಗೆ. ಆಗ ಅಲ್ಲಿ ಸಿದ್ಧ ಕಾರು ಕೊಂಡರೆ ಖರೀದಿ ತೆರಿಗೆ ಕಟ್ಟಬೇಕಿತ್ತು. ಬಿಡಿಭಾಗ ಕೊಂಡು ನೀವೇ ಜೋಡಿಸಿಕೊಂಡರೆ ಇಲ್ಲ. ಆದರೆ ಜೋಡಿಸುವುದು ಹೇಗೆ ಅಂತ ಪುಸ್ತಕ ಕೊಡುವಂತಿರಲಿಲ್ಲವಂತೆ. ಅದಕ್ಕೆ ಬಿಚ್ಚುವುದು ಹೇಗೆ ಅಂತ ಬರೆದು ಕೊಟ್ಟರು, ಜನ ಹಿಂದಿನಿಂದ ಮುಂದಕ್ಕೆ ಓದಿಕೊಂಡರು ಅನ್ನೋದು ಕಾರಿನವರು ಈಗಲೂ ಹೇಳಿಕೊಂಡು ನಗುವ ಕಥೆ. ತೆರಿಗೆ ತಪ್ಪಿಸುವ ಬುದ್ಧಿ ನಮ್ಮ ಊರಿನವರಿಗೆ ಮಾತ್ರ ಇರುವುದಲ್ಲ ನೋಡಿ. 1973ರಲ್ಲಿ ಆ ಸೆವೆನ್ ಮಾಡುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅವರು ಇವತ್ತಿಗೂ ಮಾಡುತ್ತಿದ್ದಾರೆ. ನಾನು ಕಟ್ಟಿದ್ದೂ ಅದೇ ತರಹದ್ದು.

ಹಳೇದರ 400 ಕುದುರೆ ಎಲ್ಲಿ, ಈ ಕಿಟ್ ಕಾರಿನ 73 ಎಲ್ಲಿ. ಬೇಜಾರಾಗಲ್ವಾ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನನ್ನ ಕಾರಿನ ತೂಕ 560 ಕಿಲೋ. ಅಂತರಸನಹಳ್ಳಿಯ ವೇಬ್ರಿಡ್ಜ್‌ನಲ್ಲಿ ಕ್ಯಾಂಟರ್ ಖಾಲಿ ತೂಗಿಸಿ, ಆಮೇಲೆ ಕಾರು ಏರಿಸಿ ತೂಗಿಸಿ, ಕಳೆದು ತೆಗೆದ ಲೆಕ್ಕ. ತೂಕದ ಚೀಟಿ ಕೊಟ್ಟವನು "ಹುಣಸೆಹಣ್ಣೂ ಇದಕ್ಕಿಂತ ಜಾಸ್ತಿ ತೂಗುತ್ತೆ ಅಣ್ಣಾ" ಅಂದ.

73 ಬಿಎಚ್‌ಪಿಯನ್ನು 560 ಕಿಲೋಗೆ ಹಂಚಿದರೆ ಒಂದು ಟನ್ನಿಗೆ 130. ಹಳೇ ಕಾರಿಗೆ ಅದೇ ಲೆಕ್ಕ 229. ಅಂದರೆ ನೇರ ರಸ್ತೆಯಲ್ಲಿ ಹಳೆಯದೇ ಗೆಲ್ಲುತ್ತದೆ. ಹಗುರ ಮಾಡಿದರೆ ಎಲ್ಲವನ್ನೂ ಸೋಲಿಸುತ್ತದೆ ಅನ್ನುವವರ ಮಾತು ನಂಬಬೇಡಿ.

ಆದರೆ ತೂಕ ಕಾಣಿಸುವುದು ಓಟದಲ್ಲಿ ಅಲ್ಲ, ಮಿಕ್ಕಿದ್ದರಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ 1,750 ಕಿಲೋ ಕಾರನ್ನು ನಿಲ್ಲಿಸಬೇಕಾದರೆ ಬ್ರೇಕು ಸುಮಾರು 243 ಕಿಲೋಜೂಲ್ ಶಕ್ತಿಯನ್ನು ಬಿಸಿ ಮಾಡಿ ಬಿಸಾಡಬೇಕು. ನನ್ನದಕ್ಕೆ 78 ಸಾಕು. ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಬ್ರೇಕಿಗೆ ಯಾವ ಲೆಕ್ಕವೋ ಟೈರಿಗೂ, ಬುಷ್ಷಿಗೂ, ಸ್ಟೀರಿಂಗ್ ಹಿಡಿದ ಕೈಗೂ ಅದೇ ಲೆಕ್ಕ. ಪವರ್ ಸ್ಟೀರಿಂಗ್ ಬೇಕಾಗಿಲ್ಲ. ಸಣ್ಣ ಟೈರು ಸಾಕು. ಸಣ್ಣ ಟೈರು ಅಂದ ಮೇಲೆ ಹಿಡಿತವೂ ಕಡಿಮೆ. ಅಲ್ಲೇ ಮಜಾ ಇರುವುದು. ಐವತ್ತರ ವೇಗಕ್ಕೇ ಕಾರು ಮಾತಾಡಲು ಶುರು ಮಾಡುತ್ತದೆ. ಹಿಂದಿನ ಚಕ್ರ ಜಾರುತ್ತಿದೆ, ಮುಂದಿನದು ಹಿಡಿದಿದೆ ಅಂತ ಸೀಟಿನ ಮೂಲಕ ಗೊತ್ತಾಗುತ್ತದೆ. ಹಳೇ ಕಾರು ಆ ಮಾತು ಆಡಬೇಕಾದರೆ ನೂರೈವತ್ತು ದಾಟಬೇಕಿತ್ತು. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಪಕ್ಕದ ಸೀಟಿಗೆ 70 ಕಿಲೋದವರು ಒಬ್ಬರು ಕೂತರೆ ಹಳೇ ಕಾರಿನ ತೂಕದಲ್ಲಿ ಇಪ್ಪತ್ತೈದನೇ ಒಂದು ಭಾಗ, ಗೊತ್ತೇ ಆಗುತ್ತಿರಲಿಲ್ಲ. ಇದರಲ್ಲಿ ಎಂಟನೇ ಒಂದು ಭಾಗ. ನಮ್ಮ ಭಾವ ಕೂತ ದಿನ ಹಿಂದಿನ ಮಡ್‌ಗಾರ್ಡ್ ಟೈರಿಗೆ ಉಜ್ಜಿತು. ಭಾವ ಎಪ್ಪತ್ತಕ್ಕಿಂತ ಜಾಸ್ತಿ, ಎಷ್ಟು ಅಂತ ಬರೆಯಬಾರದು ಅಂತ ಅಕ್ಕ ಹೇಳಿದ್ದಾಳೆ.

ಇನ್ನೊಂದು ಹೋಲಿಕೆ. ಕೇಟರ್‌ಹ್ಯಾಮ್‌ನವರು 2021ರಲ್ಲಿ ತಂದ ಸೆವೆನ್ 170ರಲ್ಲಿ ಇರುವುದು ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಇಂಜಿನ್. 84 ಬಿಎಚ್‌ಪಿ, ತೂಕ ಸುಮಾರು 440 ಕಿಲೋ. ನಮ್ಮ ಮಾರುತಿ 800ಗಿಂತ ಸಣ್ಣ ಇಂಜಿನ್ ಅದು. ಅದನ್ನು ಓಡಿಸಿ ಯಾರೂ ಅತ್ತಿದ್ದು ಕೇಳಿಲ್ಲ.

ಇಂಜಿನ್ ಯಾವುದು? ಈಕೋನಾ? ತಮಾಷೆ ಮಾಡ್ಬೇಡಿ ಸರ್.

ಮಾರುತಿ ಈಕೋ ವ್ಯಾನಿನದೇ. ನಗುವವರು ನಗಲಿ.

ಸೆವೆನ್ ತರಹದ ಕಾರಿಗೆ ಇಂಜಿನ್ ಮುಂದೆ ಉದ್ದುದ್ದಕ್ಕೆ ಕೂರಬೇಕು, ಹಿಂದಿನ ಚಕ್ರ ಎಳೆಯಬೇಕು. ಈಗಿನ ಸಣ್ಣ ಕಾರೆಲ್ಲ ಇಂಜಿನ್ ಅಡ್ಡಡ್ಡ, ಮುಂದಿನ ಚಕ್ರದ ಎಳೆತ. ನಮ್ಮಲ್ಲಿ ಸುಲಭಕ್ಕೆ ಸಿಗುವ, ಹಿಂದಿನ ಚಕ್ರ ಎಳೆಯುವ ಸಣ್ಣ ಪೆಟ್ರೋಲ್ ಗಾಡಿ ಅಂದರೆ ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗುವ ಆ ವ್ಯಾನು. 2022ಕ್ಕೆ ಮುಂಚಿನದರಲ್ಲಿ 1,196 ಸಿಸಿ, ನಾಲ್ಕು ಸಿಲಿಂಡರ್, ಐದು ಗೇರು, ಹಿಂದೆ ಗಟ್ಟಿ ಹೌಸಿಂಗ್. ಬಿಡಿಭಾಗ ಗುಬ್ಬಿಯಲ್ಲೂ ಸಿಗುತ್ತದೆ, ತಿಪಟೂರಿನಲ್ಲೂ ಸಿಗುತ್ತದೆ. ಜಿಪ್ಸಿಯ 1.3 ಇಂಜಿನ್ನೂ ಆಗುತ್ತದೆ, ಆದರೆ ಜಿಪ್ಸಿ ಇಟ್ಟುಕೊಂಡವರು ಬಿಟ್ಟುಕೊಡುವುದಿಲ್ಲ.

ಎರಡು ಎಚ್ಚರಿಕೆ. ವೈರಿಂಗ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಬೀಗದ ಕೈ, ಮೂರೂ ಒಂದೇ ಗಾಡಿಯದಾಗಿರಲಿ. ಇಮ್ಮೊಬಿಲೈಸರ್, ಅಂದರೆ ತನ್ನದೇ ಕೀ ಇಲ್ಲದೆ ಇಂಜಿನ್ ಎದ್ದೇಳದ ಏರ್ಪಾಡು, ಇರುವ ಗಾಡಿಯ ಕೀ ಕಳೆದರೆ ಇಂಜಿನ್ ಬರೀ ಕಬ್ಬಿಣ. ಎರಡನೆಯದು ಆಯಿಲ್ ಸಂಪು, ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ವ್ಯಾನಿನಲ್ಲಿ ಅದು ಎಷ್ಟು ಕೆಳಗೆ ಇಳಿದರೂ ನಡೆಯುತ್ತದೆ. ಇಲ್ಲಿ ಕತ್ತರಿಸಿ ಗಿಡ್ಡ ಮಾಡಬೇಕು, ಒಳಗೆ ತಗಡಿನ ಅಡ್ಡಗೋಡೆ ಬೆಸೆಯಬೇಕು. ನಾನು ಗಿಡ್ಡ ಮಾಡಿದೆ, ಅಡ್ಡಗೋಡೆ ಮರೆತೆ. ಉದ್ದದ ತಿರುವಿನಲ್ಲಿ ಆಯಿಲ್ ಎಲ್ಲ ಒಂದು ಬದಿಗೆ ಹೋಗಿ ಪಂಪಿಗೆ ಗಾಳಿ ಸಿಕ್ಕಿತು, ಕೆಂಪು ದೀಪ ಹತ್ತಿತು. ತಕ್ಷಣ ಇಂಜಿನ್ ಆರಿಸಿದ್ದಕ್ಕೆ ಬೇರಿಂಗ್ ಉಳಿಯಿತು.

ಚಾಸಿ ನೀವೇ ಮಾಡಿದ್ರಾ?

ಅಳತೆ ನನ್ನದು, ವೆಲ್ಡಿಂಗ್ ನನ್ನದಲ್ಲ. ಒಂದು ಇಂಚಿನ ಚೌಕ ಪೈಪು, 16 ಗೇಜು. ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ಸಿಗುವುದೇ. ಆದರೆ ಗೇಟು ಬೆಸೆಯುವ ಹಾಗೆ ಇದನ್ನು ಬೆಸೆಯಬಾರದು. ಪ್ರತಿ ಜಾಯಿಂಟೂ ಪೂರ್ತಿ ಒಳಗೆ ಇಳಿಯಬೇಕು. ಬಿಸಿಗೆ ಪೈಪು ಎಳೆದುಕೊಳ್ಳದ ಹಾಗೆ ಮೊದಲು ಎಲ್ಲ ಕಡೆ ಚುಕ್ಕಿ ಹಾಕಿ ಆಮೇಲೆ ಪೂರ್ತಿ ಮಾಡಬೇಕು. ಮಟ್ಟಸವಾದ ಮೇಜಿನ ಮೇಲೆ ಕಟ್ಟಬೇಕು, ಇಲ್ಲದಿದ್ದರೆ ಚಾಸಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಇಷ್ಟು ತೆಳು ಪೈಪು ತಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಅಲುಗಾಡುವ ಮಂಚಕ್ಕೆ ಬಡಗಿ ಏನು ಮಾಡುತ್ತಾನೆ? ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನೆ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಇಡೀ ಚಾಸಿ ಅಂಥ ತ್ರಿಕೋನಗಳ ಜೋಡಣೆ. ಚಾಪ್ಮನ್ ಓದಿದ್ದು ಸ್ಟ್ರಕ್ಚರಲ್ ಇಂಜಿನಿಯರಿಂಗ್, ಅದು ಸುಮ್ನೆ ಅಲ್ಲ. ಮೂಗು, ಮಡ್‌ಗಾರ್ಡು ಫೈಬರಿನವು. ಬದಿಗೆ ಅಲ್ಯುಮಿನಿಯಂ ಶೀಟು, ರಿವೆಟ್ ಹೊಡೆದದ್ದು. ರಿವೆಟ್ ಹೊಡೆದು ಹೊಡೆದು ಅಂಗೈ ಗಂಟು ಕಟ್ಟಿತು.

ಕೆಎ 06 ನಂಬರ್ ಸಿಗುತ್ತಾ?

ಇಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಿ. ಪೈಪು ತಂದ ಮೇಲೆ ತಿಳಿದುಕೊಳ್ಳಬೇಡಿ.

ಹೊಸ ಗಾಡಿ ನೋಂದಣಿಗೆ ಫಾರಂ 20 ನೀವು ಬರೆಯುತ್ತೀರಿ. ಜೊತೆಗೆ ಮಾರಾಟ ಪತ್ರ ಫಾರಂ 21, ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಫಾರಂ 22 ಬೇಕು. ನಿಮ್ಮ ಶೆಡ್ಡಿನ ಕಾರಿಗೆ ಫಾರಂ 22 ಕೊಡುವವರು ಯಾರು? ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ತಯಾರಕರು ಮೊದಲ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗೆ ಕೊಟ್ಟು ಪಾಸು ಮಾಡಿಸಬೇಕು. ಹೊಗೆ, ಬ್ರೇಕು, ದೀಪ, ಎಲ್ಲ ಪರೀಕ್ಷೆ. ಸಾವಿರಾರು ಕಾರು ಮಾಡುವ ಕಂಪನಿಗೆ ಅದು ಸರಿ. ಒಂದೇ ಒಂದು ಕಾರು ಕಟ್ಟುವವನಿಗೆ ಅದು ಆಗುವ ಹೋಗುವ ಮಾತಲ್ಲ. ಇಂಗ್ಲೆಂಡಿನಲ್ಲಿ ಒಂಟಿ ಗಾಡಿಯನ್ನೇ ಪರೀಕ್ಷೆ ಮಾಡಿ ನಂಬರ್ ಕೊಡುವ ಏರ್ಪಾಡು ಇದೆ. ಅಲ್ಲಿ ಕಿಟ್ ಕಾರು ಬೆಳೆದದ್ದಕ್ಕೆ ಅರ್ಧ ಕಾರಣ ಅದೇ.

ಈಕೋದ ಆರ್‌ಸಿ ಇದೆಯಲ್ಲ, ಅದರ ಮೇಲೇ ಓಡಿಸಿಬಿಡೋಣ ಅನ್ನುವವರಿದ್ದಾರೆ. ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದ ಹಾಗೆ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಗಾಡಿ ಬಿಚ್ಚಿ ಹಾಕಿದ ಮೇಲೆ 55ನೇ ಕಲಂ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಒಪ್ಪಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಗುಜರಿಯಿಂದ ಇಂಜಿನ್ ತಂದರೆ ಬಿಲ್ ಕೇಳಿ, ಇಂಜಿನ್ ನಂಬರ್ ತಾಳೆ ನೋಡಿ. ಕದ್ದ ಗಾಡಿಯ ಇಂಜಿನ್ ಮನೆಗೆ ತಂದುಕೊಳ್ಳುವುದಕ್ಕಿಂತ ದೊಡ್ಡ ತಲೆನೋವು ಇಲ್ಲ.

ಹೊಸ ಲೇಔಟ್ ರಸ್ತೆ ಖಾಲಿ ಇದೆಯಲ್ಲ, ಅಲ್ಲಿ ಓಡಿಸಬಹುದಾ?

ಇಲ್ಲ. ಜನ ಓಡಾಡುವ ಹಕ್ಕಿರುವ ಜಾಗ ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ. ಮನೆ ಎದ್ದಿಲ್ಲ ಅಂದ ಮಾತ್ರಕ್ಕೆ ರಸ್ತೆ ನಮ್ಮದಾಗುವುದಿಲ್ಲ. ಅಲ್ಲಿ ಸಂಜೆ ಮಕ್ಕಳು ಸೈಕಲ್ ಕಲಿಯುತ್ತಾರೆ ಅನ್ನೋದು ಕಾಯ್ದೆಗಿಂತ ದೊಡ್ಡ ಕಾರಣ.

ನಂಬರ್ ಇರುವ ಇಂಥ ಕಾರೇ ಬೇಕು ಅಂದ್ರೆ?

ಹಳೇ ಚಿಂಕಾರ ರೋಡ್‌ಸ್ಟರ್ ಹುಡುಕಿ. ಮಹಾರಾಷ್ಟ್ರದ ಅಲಿಬಾಗಿನಲ್ಲಿ ಮಾಡುತ್ತಿದ್ದರು. ಸೆವೆನ್ ನೋಡಿ ಮಾಡಿದ, ಚಾವಣಿಯಿಲ್ಲದ, ಫೈಬರ್ ಬಾಡಿಯ ಎರಡು ಸೀಟಿನ ಕಾರು. ಅದರ 1.8 ಲೀಟರ್ ಇಸುಜು ಇಂಜಿನ್ ನಮ್ಮ ಹಳೇ ಕಾಂಟೆಸ್ಸಾ ಕ್ಲಾಸಿಕ್‌ನಲ್ಲೂ ಇತ್ತು. ಮಾರಾಟಕ್ಕೆ ಬರುವುದು ಅಪರೂಪ. ಬಂದರೆ ಆರ್‌ಸಿಗೆ 15 ವರ್ಷ ದಾಟಿದೆಯಾ, ನವೀಕರಣ ಆಗಿದೆಯಾ ನೋಡಿ. ಹೊರರಾಜ್ಯದ್ದಾದರೆ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು.

ಅಂದ ಹಾಗೆ ಚಿಂಕಾರ ಅನ್ನೋದು ನೋಡಲು ಜಿಂಕೆ ತರಹದ, ಹುಲ್ಲೆ ಜಾತಿಯ ಪ್ರಾಣಿ. ಕಾರು ಸಿಗದಿದ್ದರೂ ಪ್ರಾಣಿ ನಮ್ಮ ಜಿಲ್ಲೆಯಲ್ಲೇ ಇದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮ ಅಂತ ಘೋಷಿಸಿದರು. ಹಗುರ, ಚುರುಕು, ಗದ್ದಲ ಕಂಡರೆ ಓಟ. ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ.

ಹಾಗಾದ್ರೆ ನೀವು ಎಲ್ಲಿ ಓಡಿಸ್ತೀರಿ?

ನಮ್ಮದೇ ತೆಂಗಿನ ತೋಟದ ಹಿಂದೆ ಎರಡು ಎಕರೆ ಬೀಳು ಇದೆ. ಸುತ್ತ ಬೇಲಿ. ಅಲ್ಲಿ ಡಬ್ಬ ನಿಲ್ಲಿಸಿಕೊಂಡು ಎಂಟರ ಆಕಾರದಲ್ಲಿ ಸುತ್ತುತ್ತೇನೆ. ನೂರಕ್ಕೆ ತೊಂಬತ್ತು ಖುಷಿ ಅಲ್ಲೇ ಸಿಗುತ್ತದೆ, ಮೂರನೇ ಗೇರು ಕೂಡ ಬೇಕಾಗಿಲ್ಲ.

ಮಿಕ್ಕ ಹತ್ತಕ್ಕೆ ಕೊಯಮತ್ತೂರು. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇ ಸಣ್ಣ ಟ್ರ್ಯಾಕು, ತಿರುವು ಜಾಸ್ತಿ, ಹಗುರ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಮನೆಯಲ್ಲಿ ಕಟ್ಟಿದ ಕಾರು ತರುತ್ತೇನೆ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಹೋಗಿ ನಿಂತು ಜಗಳ ಆಡಬೇಡಿ. ಆ ಟ್ರ್ಯಾಕಿಗೆ ಹೆಸರು ಬಂದಿದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅನ್ನುವ ಅಗ್ಗದ ರೇಸ್ ಕಾರು ಮಾಡಿದವರು ಅವರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಕೂಡ ಅಂಥದ್ದರಲ್ಲೇ ಶುರು ಮಾಡಿದ್ದು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದರು. ಈಕೋ ಇಂಜಿನ್ ನೋಡಿ ನಗುವವರಿಗೆ ನಾನು ಹೇಳುವುದು ಅವರ ಕಥೆಯನ್ನೇ.

ಸಾಗಿಸುವುದು ಹದಿನಾಲ್ಕು ಅಡಿ ಕ್ಯಾಂಟರಿನಲ್ಲಿ. ಕಾರಿನ ಉದ್ದ 3.3 ಮೀಟರ್, ಟಾಟಾ ಏಸ್‌ನಲ್ಲಿ ಹಿಡಿಯುವುದಿಲ್ಲ. ಹತ್ತಿಸುವುದಕ್ಕೆ ತೋಟದ ಬದುವೇ ಮೆಟ್ಟಿಲು.

ದೊಡ್ಡ ಕಾರು ಓಡಿಸಿ ಅಭ್ಯಾಸ ಇದ್ದವನು ಏನು ಮರೆಯಬೇಕು?

ಮೊದಲು, ಕಂಪ್ಯೂಟರ್ ಕಾಪಾಡುತ್ತದೆ ಅನ್ನೋದನ್ನ. ಹಳೇ ಕಾರಿನಲ್ಲಿ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಎಲ್ಲ ಇತ್ತು. ನನ್ನ ಅರ್ಧ ಜಾಣತನ ಅದರದ್ದು ಅಂತ ಗೊತ್ತಾಗಿದ್ದು ಮೊದಲ ದಿನವೇ. ಬೀಳಿನಲ್ಲಿ ಜೋರಾಗಿ ಬ್ರೇಕ್ ತುಳಿದೆ. ಹಿಂದಿನ ಚಕ್ರ ಮೊದಲು ಕಚ್ಚಿಕೊಂಡಿತು, ಕಾರು ಬುಗುರಿ ತರಹ ತಿರುಗಿ ತೆಂಗಿನ ಮರದಿಂದ ಒಂದು ಮಾರು ದೂರದಲ್ಲಿ ನಿಂತಿತು. ಕಾರಣ ಸರಳ. ಹಿಂದೆ ಐದು ಜನ, ಮೂಟೆ ಹೊರುವ ವ್ಯಾನಿಗೆ ಅಂತ ಮಾಡಿದ ಬ್ರೇಕು ಅದು. ಇಲ್ಲಿ ಹಿಂದೆ ಭಾರವೇ ಇಲ್ಲ. ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ವಾಲ್ವ್ ಹಾಕಿದ ಮೇಲೆ ಸರಿಹೋಯಿತು.

ಟೈರಿನ ಗಾಳಿಯೂ ಹಾಗೇ. ಅಭ್ಯಾಸಬಲದಿಂದ 32 ಹಾಕಿಸಿದ್ದೆ, ಕಾರು ಚೆಂಡಿನ ಹಾಗೆ ಪುಟಿಯುತ್ತಿತ್ತು. ಇಷ್ಟು ಹಗುರಕ್ಕೆ 18ರಿಂದ 20 ಸಾಕು. ಗಾಳಿ ಹಾಕುವ ಹುಡುಗ ಇವತ್ತಿಗೂ ಒಪ್ಪಲ್ಲ. ಸ್ಪ್ರಿಂಗೂ ವ್ಯಾನಿನದ್ದೇ ಬಿಟ್ಟರೆ ಎತ್ತಿನ ಗಾಡಿಯೇ ವಾಸಿ.

ಇನ್ನೊಂದು ಮರೆಯಬೇಕಾದದ್ದು: ತಿರುವಿನಲ್ಲಿ ಕಳೆದದ್ದನ್ನು ನೇರ ದಾರಿಯಲ್ಲಿ ವಾಪಸ್ ಪಡೆಯಬಹುದು ಅನ್ನೋ ಧೈರ್ಯ. 73 ಕುದುರೆಗೆ ಆ ತಾಕತ್ತಿಲ್ಲ. ತಿರುವಿನಲ್ಲಿ ವೇಗ ಬಿಟ್ಟರೆ ಹೋಯಿತು ಅಷ್ಟೇ. ಆದ್ದರಿಂದ ತಿರುವನ್ನು ಸರಿಯಾಗಿ ತೆಗೆದುಕೊಳ್ಳುವುದು ಕಲಿಯಲೇಬೇಕಾಗುತ್ತದೆ. ಈ ಎರಡು ವರ್ಷದಲ್ಲಿ ನಾನು ಕಲಿತಷ್ಟು ಓಡಿಸುವುದನ್ನು ಹಿಂದಿನ ಹದಿನೈದು ವರ್ಷದಲ್ಲಿ ಕಲಿತಿರಲಿಲ್ಲ.

ಅಪಾಯ ಇಲ್ವಾ?

ಇದೆ. ಏರ್‌ಬ್ಯಾಗ್ ಇಲ್ಲ, ಬಾಗಿಲಿಲ್ಲ. ಮೊಣಕೈಯಿಂದ ನೆಲ ಒಂದು ಮೊಳ. ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಕಮಾನು, ಇಲ್ಲದೆ ಕೀ ತಿರುಗಿಸಬೇಡಿ. ಅದು ನಿಮ್ಮ ಹೆಲ್ಮೆಟ್ಟಿಗಿಂತ ಮೇಲೆ ಇರಬೇಕು, ಕೆಳಗೆ ಚಾಸಿಗೆ ಸೇರಿರಬೇಕು, ಬರೀ ಶೀಟಿಗಲ್ಲ. ನಾಲ್ಕು ಕಡೆ ಬಿಗಿಯುವ ಬೆಲ್ಟು, ಹೆಲ್ಮೆಟ್ಟು, ಕೈಗೆ ಸಿಗುವ ಕಡೆ ಬೆಂಕಿ ಆರಿಸುವ ಸಿಲಿಂಡರ್. ವಿಮೆ ಇದೆ ಅಂತ ನೆಚ್ಚಿಕೊಳ್ಳಬೇಡಿ. ನೋಂದಣಿಯೇ ಆಗದ ಇಂಥ ಗಾಡಿಗೆ ಮೋಟಾರು ವಿಮೆ ಸಿಗುವುದು ಕಷ್ಟ. ನೋಂದಣಿ ಇರುವ ಕಾರಿನ ಪಾಲಿಸಿಯಲ್ಲೂ ರೇಸಿಗೆ ರಕ್ಷಣೆ ಇರುವುದಿಲ್ಲ.

ಮೈಲೇಜ್ ಎಷ್ಟು?

ಈ ಪ್ರಶ್ನೆ ಬಂದೇ ಬರುತ್ತೆ ಅಂತ ಗೊತ್ತಿತ್ತು. ಕಿಲೋಮೀಟರ್ ಮೀಟರ್ ಹಾಕಿಲ್ಲ. ಐದು ಲೀಟರ್ ಕ್ಯಾನು, ಒಂದು ಭಾನುವಾರ.

ಖರ್ಚು?

ಕಾರಿಗಿಂತ ಕಾರು ಕಟ್ಟುವ ಸಾಮಾನಿಗೇ ಜಾಸ್ತಿ ಆಗುತ್ತದೆ. ಹೋಲಿಕೆಗೆ ಒಂದು ಮಾತು: ಹಳೇ ಕಾರಿನ ಒಂದು ಸೆಟ್ ಟೈರಿನ ದುಡ್ಡಿನಲ್ಲಿ ಇದಕ್ಕೆ ನಾಲ್ಕು ಟೈರು, ನಾಲ್ಕು ರಿಮ್ಮು, ಇಡೀ ಚಾಸಿಯ ಪೈಪು ಬಂತು. ಲೆಕ್ಕಕ್ಕೆ ಬಾರದ ಖರ್ಚು ಹೊತ್ತು. ಆರು ತಿಂಗಳು ಅಂದುಕೊಂಡದ್ದು ಇಪ್ಪತ್ತೆರಡು ತಿಂಗಳಾಯಿತು. ಅದರಲ್ಲಿ ಮೂರು ತಿಂಗಳು ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ತಿರುಗುವ ಒಂದು ಪ್ರೊಪೆಲ್ಲರ್ ಶಾಫ್ಟ್ ಸರಿಯಾದ ಉದ್ದಕ್ಕೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸುವುದರಲ್ಲೇ ಹೋಯಿತು.

ಮನೆಯಲ್ಲಿ ಏನಂತಾರೆ?

ಅಮ್ಮ: "ದುಡ್ಡು ಕೊಟ್ಟು ಬಾಗಿಲಿಲ್ಲದ ಕಾರು ತಗೊಂಡನಂತೆ." ಹೆಂಡತಿ ಒಂದು ಸಲ ಕೂತಳು, ಕೂದಲು ಬಿಡಿಸಿಕೊಳ್ಳಲು ಒಂದು ಗಂಟೆ ಹಿಡಿಯಿತು, ಆಮೇಲೆ ಕೂತಿಲ್ಲ. ಮಗಳಿಗೆ ಹತ್ತು ವರ್ಷ. 12ನೇ ನಂಬರ್ ಸ್ಪ್ಯಾನರ್ ಯಾವುದು ಅಂತ ನೋಡದೆ ಕೈಗೆ ಕೊಡುತ್ತಾಳೆ.

ಹಳೇ ಕಾರು ನೆನಪಾಗಲ್ವಾ?

ಆಗುತ್ತದೆ. ಶಬ್ದ ನೆನಪಾಗುತ್ತದೆ. ಚಳಿಗಾಲದ ಬೆಳಿಗ್ಗೆ ಆ ವಿ8 ಎದ್ದು ಗುಡುಗುವುದು, ಎದುರು ಮನೆ ನಾಯಿ ಬೊಗಳುವುದು. ಏಪ್ರಿಲ್ ಬಿಸಿಲಿನಲ್ಲಿ ಏಸಿ ಇನ್ನೂ ಜಾಸ್ತಿ ನೆನಪಾಗುತ್ತದೆ. ಇಂಜಿನ್ ಬಿಸಿ ನೇರ ಪಾದಕ್ಕೆ ಬಡಿಯುತ್ತದೆ ಇದರಲ್ಲಿ. ಬೆಂಗಳೂರಿಗೆ ಹೋಗಿ ಬರುವುದಕ್ಕೆ ಒಂದು ಸಾದಾ ಹ್ಯಾಚ್‌ಬ್ಯಾಕ್ ಇಟ್ಟುಕೊಂಡಿದ್ದೇನೆ. ಇರೋ ಒಂದೇ ಕಾರನ್ನು ಮಾರಿ ಕಿಟ್ ಕಾರಿಗೆ ಬರುತ್ತೇನೆ ಅನ್ನುವವರಿಗೆ ನನ್ನ ಉತ್ತರ ಬೇಡ ಅಂತಲೇ.

ಒಂದ್ಸಲ ನೋಡಬಹುದಾ?

ಬನ್ನಿ, ಭಾನುವಾರ ಹತ್ತಕ್ಕೆ ಮುಂಚೆ. ಚಪ್ಪಲಿ ಬೇಡ, ತೆಳ್ಳಗಿನ ಶೂ ಹಾಕಿಕೊಳ್ಳಿ. ಪೆಡಲ್ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ, ದಪ್ಪ ಶೂನಲ್ಲಿ ಬ್ರೇಕೂ ಆಕ್ಸಲರೇಟರೂ ಒಟ್ಟಿಗೆ ಒತ್ತಿಹೋಗುತ್ತದೆ. ಹಿಂದಿನ ಎಡಗಡೆ ಚಕ್ರದ ಬೇರಿಂಗ್ ಸ್ವಲ್ಪ ಗುಂಯ್ ಅನ್ನುತ್ತಿದೆ. ಬಂದವರು ಒಂದು ಕೈ ಹಿಡಿದರೆ ಮಧ್ಯಾಹ್ನದೊಳಗೆ ಬದಲಾಯಿಸಿಬಿಡಬಹುದು.